ನೇವಿಯೊ ಕಾದ ಬಾಗಿಲು

ಗುಡ್ಡದ ನೆತ್ತಿಯ ನಮ್ಮ ಗಣರಾಜ್ಯ ಎಷ್ಟು ಪುಟ್ಟದೆಂದರೆ, ಒಂದು ಬಾಗಿಲಿಗೆ ಅಂಟಿಸಿದರೆ ಸಾಕು, ಕಾನೂನು ದೇಶಕ್ಕೆಲ್ಲ ತಿಳಿದಂತೆ. ಸರ್ಕಾರ ನಡೆಯುವ ಅರಮನೆಯ ಬಾಗಿಲ ಮೇಲೆ ಹಾಳೆ ಸಂಜೆಯ ಗಂಟೆಯವರೆಗೆ ನಿಂತರೆ ಕಾನೂನು. ಅದಕ್ಕೆ ಮೊದಲೇ ಕಳಚಿದರೆ ಬರೀ ಕಾಗದ. ಗಂಟೆಯಾಗುವವರೆಗೆ ಯಾರೂ ಓದುತ್ತಿರಲಿಲ್ಲ; ಆಮೇಲೆ ಊರೆಲ್ಲ ಅಲ್ಲಿ ಸೇರಿ ಓದಿ, ಜಗಳವಾಡಿ, ನಕ್ಕು ಮನೆಗೆ ಹೋಗುತ್ತಿತ್ತು. ಎಂಥ ಸಂಜೆಗಳವು!

ಅಂಟಿಸುವವನು ನೇವಿಯೊ. "ಅಂಟ್ಸೋದು ನನ್ನ ಕೆಲಸ, ಓದೋದು ನಿಮ್ಮ ಕೆಲಸ" ಎನ್ನುತ್ತ ಜನ್ಮದಲ್ಲಿ ಒಂದು ಕಾನೂನನ್ನೂ ಓದದ ಪುಣ್ಯಾತ್ಮ. ಹಿಂದಿನ ವಾರ ಅವನ ಅಂಟು ನೀರಾಗಿ, ಒಂದು ಕಾನೂನು ಗಾಳಿಗೆ ಹಾರಿ ಗಡಿಯಾಚೆಯ ಇಟಲಿಗೆ ಹೋಗಿಬಿಟ್ಟಿತ್ತು.

"ಇನ್ನೊಂದು ಹಾರಿದ್ರೆ ನೀನೂ ಮನೆಗೆ ಹೋಗು" ಎಂದಿದ್ದರು ಕಾರ್ಯದರ್ಶಿಗಳು.

ಹಾಗಾಗಿ ಆ ಬೆಳಿಗ್ಗೆ ಅವನು ಮೈದಾ ಅಂಟನ್ನು ಗಟ್ಟಿಯಾಗಿ ಕುದಿಸಿ, ಹಾಳೆಯ ಹಿಂದೆಯೂ ಅಂಚಿನ ಮೇಲೂ ಧಾರಾಳವಾಗಿ ಬಳಿದ. ಅಷ್ಟರಲ್ಲಿ ಊರಲ್ಲಿ ಸುದ್ದಿ ಹಬ್ಬಿತ್ತು: ಇವತ್ತಿನ ಕಾನೂನು ಬಂದರೆ ಊರ ಕೋಟೆಯೊಳಗೆ ಕೋಳಿ ಸಾಕುವ ಹಾಗಿಲ್ಲವಂತೆ!

ಕೋಳಿ ಸಾಕುವ ಝೈರಾ ಕೋಳಿಗಳ ಬುಟ್ಟಿ ಹೊತ್ತು ಓಡಿಬಂದಳು. "ನೇವಿಯೊ, ದಿನಾ ತಿನ್ನೋ ಮೊಟ್ಟೆ ಯಾರ ಮನೇದೋ?"

"ನಿಮ್ದೇ ಅಕ್ಕ. ಆದ್ರೆ ನಾನೇನ್ ಮಾಡ್ಲಿ?"

"ಹಂಗಾದ್ರೆ ನಾನೇ ಮಾಡ್ತೀನಿ" ಎಂದವಳೇ ಕೋಳಿಗಳನ್ನು ಬಿಟ್ಟಳು.

ಮೈದಾ ವಾಸನೆಗೆ ಕೋಳಿಗಳು ಹಾಳೆಗೇ ಹಾರಿದವು. ನೇವಿಯೊ ಬೆನ್ನು ಕೊಟ್ಟು, ಕೈ ಚಾಚಿ ಬಾಗಿಲಿಗೆ ಒರಗಿದ. ಕೋಳಿಗಳೇನೋ ಸೋತು ಹೋದವು. ಆದರೆ ಅವನ ಕೋಟು ಹಾಳೆಗೆ ಅಂಟಿಕೊಂಡಿತ್ತು. ಅಲುಗಾಡಿದರೆ ಹಾಳೆ ಹರಿಯುತ್ತದೆ. ಹಾಳೆ ಹರಿದರೆ ಕೆಲಸ ಹೋಗುತ್ತದೆ.

ಮಧ್ಯಾಹ್ನ ರೊಟ್ಟಿ ಅಂಗಡಿಯ ಡೆಲ್ಮೊ ಬಿಸಿ ಪಿಯಾದಿನಾ ರೊಟ್ಟಿಯಲ್ಲಿ ಚೀಸ್ ಸುತ್ತಿ ಅವನ ಮೂಗಿನ ಮುಂದೆ ಆಡಿಸಿದ.

"ಎರಡು ಹೆಜ್ಜೆ ಬಾರೋ, ತಿನ್ನುವಂತೆ."

"ಬಾಯಿಗೇ ಇಡೋ, ಪಾಪಿ!"

ಡೆಲ್ಮೊ ತಾನೇ ತಿಂದ. ನೇವಿಯೊನ ಕಾಲು ಮರಗಟ್ಟಿತು, ಹೊಟ್ಟೆ ಕೂಗಿತು, ಆದರೂ ಅವನು ಜಗ್ಗಲಿಲ್ಲ.

ಕೊನೆಗೆ ಸಂಜೆಯ ಗಂಟೆ ಹೊಡೆಯಿತು. ನೇವಿಯೊ ಕೋಟಿನಿಂದ ನುಣುಚಿಕೊಂಡು ಹೊರಬಂದ. "ಗೆದ್ದೆ! ನನ್ನ ಕೆಲಸ ಉಳೀತು! ಈಗ ಓದ್ಕೊಳ್ಳಿ!"

ಝೈರಾ ಕೋಟನ್ನು ಮೆಲ್ಲಗೆ ಸುಲಿದು ತೆಗೆದು, ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು: "ಇನ್ನು ಮುಂದೆ ಕಾನೂನುಗಳನ್ನು ಅಚ್ಚಾದ ಪತ್ರಿಕೆಯಲ್ಲಿ ಪ್ರಕಟಿಸತಕ್ಕದ್ದು. ಬಾಗಿಲಿಗೆ ಅಂಟಿಸುವ ಪದ್ಧತಿಯನ್ನೂ ಅಂಟಿಸುವವನ ಹುದ್ದೆಯನ್ನೂ ರದ್ದುಪಡಿಸಲಾಗಿದೆ."

ಕೋಳಿಯ ಮಾತೇ ಇರಲಿಲ್ಲ. ಯಾರೂ ನಗಲಿಲ್ಲ. ಊರು ಆ ಬಾಗಿಲ ಮುಂದೆ ಕೂಡಿ ನಿಂತದ್ದು ಅದೇ ಕೊನೆ.

ಝೈರಾ ಕಣ್ಣೊರೆಸಿಕೊಂಡಳು. "ಅಯ್ಯೋ ಮಂಕೇ, ಬೆಳಿಗ್ಗೆ ಸುಮ್ನೆ ಪಕ್ಕಕ್ಕೆ ಸರಿದಿದ್ರೆ ನಮ್ಮ ಕೋಳಿಗಳು ಅದನ್ನ ತಿಂದು ಮುಗಿಸ್ತಿದ್ವಲ್ಲೋ!"