ಈ ವಾರ ಝಡತಿ ಇಲ್ಲೇನ್ರಿ?

ದೇವರು ಸಂಸಾರಿಗೆ ಕಷ್ಟ ಕೊಡುವಾಗ ಜೊತೆಗೆ ಒಂದು ಚಿಟಿಕೆ ನಗೆಯನ್ನೂ ಕಟ್ಟಿ ಕಳಿಸುತ್ತಾನೆ. ಪುಣೆಯ ನಮ್ಮ ಮನೆಗೆ ಅದು ಬೂಟು ಹಾಕಿಕೊಂಡೇ ಬಂತು. ಚಲೇಜಾವ್ ಗದ್ದಲದಲ್ಲಿ ನಮ್ಮ ಒಬ್ಬನೇ ಮಗ ಕಾಲೇಜು ಬಿಟ್ಟು ಭೂಗತನಾದ. ಅವನಿಗಾಗಿ ವಾರಕ್ಕೊಮ್ಮೆ ಝಡತಿ, ಅಂದರೆ ಮನೆಯ ಶೋಧ. ಬರುವವರು ಇಬ್ಬರು: ಒಬ್ಬ ಬಿಳಿ ಮೋರೆಯ ಗೋರಾ ಸೋಲ್ಜರ, ಅವನಿಗೆ ಮಾತು ತಿಳಿಸಲು ಬೆಳಗಾವಿ ಕಡೆಯ ಒಬ್ಬ ಹವಾಲ್ದಾರ.

೧. ಭರಣಿ

ಮೊದಲ ಸಲ ಸೋಲ್ಜರ ಬೂಟುಗಾಲಲ್ಲೇ ಅಡಿಗೆಮನೆಯತ್ತ ನಡೆದ. ನಮ್ಮಾಕಿ, ಹುಡುಗನ ತಾಯಿ, ಮಡಿಯಲ್ಲಿದ್ದಳು.

"ಅಲ್ಲೇ ನಿಂದರ್ರಿ! ಬೂಟ ಕಳೀರಿ!"

ಇಷ್ಟು ತಡೆಯುತ್ತಾಳೆಂದರೆ ಹುಡುಗ ಒಳಗೇ ಇದ್ದಾನೆಂದು ತಿಳಿದು ಅವನು ನುಗ್ಗಿದ. ಆರಡಿ ಎತ್ತರದ ನಮ್ಮ ಮಗನನ್ನು ಉಪ್ಪಿನಕಾಯಿ ಭರಣಿಯೊಳಗೆ ಕೈಹಾಕಿ ಹುಡುಕಿದ.

ಭರಣಿ ಮೈಲಿಗೆಯಾಯಿತು. "ಇನ್ನ ಅದು ನಮಗ ಬರೂದಿಲ್ಲ. ಮುಟ್ಟಿದವರ ಒಯ್ಲಿ," ಎಂದಳು. ಒಯ್ದ.

ಮುಂದಿನ ವಾರ ಅವನು ಹೊಸ್ತಿಲಲ್ಲೇ ತಾನಾಗಿ ಬೂಟು ಕಳಚಿದ. ನಮ್ಮ ಧರ್ಮ ತಿಳಿಯಿತೆಂದು ನಾನು ಸಂತೋಷಪಟ್ಟೆ. ಅಷ್ಟರಲ್ಲಿ ಅವನು ಖಾಲಿ ಭರಣಿಯನ್ನು ಮುಂದೆ ಹಿಡಿದ.

೨. ಎರಡನೆಯ ಎಲೆ

ಇನ್ನೊಮ್ಮೆ ಬಂದದ್ದು ಸರಿಯಾಗಿ ಊಟದ ಹೊತ್ತಿಗೆ. ಕೂತವನು ನಾನೊಬ್ಬ, ಎಲೆ ಎರಡು. ಸೋಲ್ಜರ ಬಂದೂಕು ಸರಿಮಾಡಿಕೊಂಡ.

"ರಾಯರ, ಇದ್ಯಾರದ್ರಿ?" ಹವಾಲ್ದಾರ ಕೇಳಿದ.

ಅನ್ನದ ಮುಂದೆ ಕೂತು ಸುಳ್ಳಾಡುವುದು ಹೇಗೆ? "ಮಗಂದು," ಎಂದೆ.

ಅಟ್ಟ, ಮಂಚದ ಕೆಳಗೆ, ಬಾವಿ, ಎಲ್ಲಾ ನೋಡಿದ್ದಾಯಿತು. ಮಗ ಹೋದಂದಿನಿಂದ ನಮ್ಮಾಕಿ ದಿನಾ ಆ ಎಲೆಗೆ ಬಿಸಿ ಅನ್ನ ಬಡಿಸುತ್ತಾಳೆ, ಆರಿದ ಮೇಲೆ ಆಕಳಿಗೆ ಇಡುತ್ತಾಳೆ. ಇದನ್ನು ಬಂದೂಕಿಗೆ ಹೇಗೆ ತಿಳಿಸಲಿ?

"ಛಲೋತ್ನಾಗಿ ಹುಡುಕ್ರಿ," ಎಂದಳು ಆಕೆ. "ಸಿಕ್ಕರ ಮದಲ ಊಟಕ್ಕ ಕೂಡಸ್ರಿ, ಆಮ್ಯಾಲೆ ಹಿಡಕೊಂಡು ಹೋಗ್ರಿ."

೩. ಬಾರದ ಝಡತಿ

ಆಮೇಲೆ ಎರಡು ವಾರ ಯಾರೂ ಬರಲಿಲ್ಲ. ನಮ್ಮಾಕಿಗೆ ತುತ್ತು ಇಳಿಯಲೊಲ್ಲದು.

"ಹುಡುಕೂದು ಬಿಟ್ಟಾರಂದ್ರ ಹಿಡದಾರಂತನ ಅರ್ಥ. ಹೋಗಿ ಕೇಳಿ ಬರ್ರಿ."

ರುಮಾಲು ಸುತ್ತಿ, ರಾಮನಾಮ ಹೇಳುತ್ತ ಚೌಕಿಗೆ ಹೋದೆ. "ಹವಾಲ್ದಾರರ, ಈ ವಾರ ನಮ್ಮ ಮನೀಗೆ ಝಡತಿ ಇಲ್ಲೇನ್ರಿ?"

ಅವನು ಸುತ್ತ ನೋಡಿ ಹತ್ತಿರ ಬಂದ. "ರಾಯರ, ನನ್ನ ನೌಕರ್ಯಾಗ ಝಡತಿಗೆ ಕರ್ಯಾಕ ಬಂದವರು ನೀವ ಮದಲು! ನಿಮ್ಮ ಹುಡುಗ ಸಿಕ್ಕಿಲ್ಲ. ನಮ್ಮ ಗೋರಾ ದವಾಖಾನ್ಯಾಗ ಮಲಗ್ಯಾನ. ನೀವು ತುಂಬಿ ಕೊಟ್ಟ ಎರಡನೇ ಭರಣಿ ಉಪ್ಪಿನಕಾಯಿ ಒಂದ ದಿನದಾಗ ಖಾಲಿ ಮಾಡ್ಯಾನ್ರಿ!"

ಮನೆಗೆ ಬಂದು ಹೇಳಿದೆ. ನಮ್ಮಾಕಿ ಅಳುತ್ತಲೇ ನಕ್ಕಳು. ಆಮೇಲೆ ಹನುಮಪ್ಪನ ಮುಂದೆ ಎರಡು ದೀಪ ಹಚ್ಚಿದಳು: ಒಂದು, ಮಗ ಯಾರ ಕೈಗೂ ಸಿಗದಿರಲಿ ಎಂದು, ಇನ್ನೊಂದು, ಹುಡುಕುವವನು ಲಗೂನ ಗುಣವಾಗಿ ಬಂದು ಹುಡುಕಲಿ ಎಂದು.