ಬದನೆ ಮಡಿ ಏರಿದ ಟಗರಿನವರಿಗೆ

ಮಾನ್ಯ ಟಗರಿನವರೇ, ಕೊಂಬಿನಿಂದ ಗೊರಸಿನವರೆಗೂ ಸಲ್ಲುವಷ್ಟು ನಮಸ್ಕಾರಗಳು.

ನಿನ್ನೆ ತಮ್ಮ ಮಂದೆ ಬಿಟ್ಟಿದ್ದ ಗದ್ದೆಗೆ ಬಂದು ನಾನು ಹೇಳುತ್ತಿದ್ದದ್ದೂ ಈ ಬದನೆಯ ವಿಷಯವನ್ನೇ. ತಾವು ನಡುವೆ ಸೀನಿ ಎದ್ದು ಹೋದಿರಿ. ವಿತ್ ಡ್ಯೂ ರೆಸ್ಪೆಕ್ಟ್, ಐ ಬೆಗ್ ಟು... ಮುಂದಿನ ಪದ ಕಾಲೇಜಿನಲ್ಲೇ ಉಳಿದಿದೆ, ಕನ್ನಡದಲ್ಲೇ ಅರಿಕೆ ಮಾಡುತ್ತೇನೆ.

ನಮ್ಮ ಅಂಗಳಕ್ಕೆ ಪೂರ್ತಿ ಸಿಮೆಂಟು ಹಾಕಿರುವುದು ತಮಗೆ ಗೊತ್ತು, ಮಲಗಿ ನೋಡಿದ್ದೀರಿ. ಅದರ ಮೇಲೆ ಹಳೇ ಇಟ್ಟಿಗೆ ಜೋಡಿಸಿ, ಸೂಳೆಕೆರೆಯ ಗೋಡುಮಣ್ಣು ತುಂಬಿ, ಮೊಣಕಾಲೆತ್ತರದ ಮಡಿ ಕಟ್ಟಿದ್ದು ನನ್ನ ಹೆಂಡತಿ ಕಸ್ತೂರಮ್ಮನ ಬದನೆಗಾಗಿ. ಆಕೆ ಹೋದ ಮೇಲೆ, ಬೂದಿ ಬೆರೆಸಿ ಹಳೇ ಸೀರೆಯ ತುಂಡಿನಲ್ಲಿ ಕಟ್ಟಿಟ್ಟಿದ್ದ ಬೀಜ ಒಂದು ಚಿಟಿಕೆ ಉಳಿದಿತ್ತು. ಅಷ್ಟನ್ನೂ ಹಾಕಿದೆ, ಹುಟ್ಟಿತು. ಆ ಖುಷಿಯಲ್ಲಿ, ಹೊಲದವರು ಗೊಬ್ಬರಕ್ಕೆಂದು ರಾತ್ರಿ ಕುರಿಮಂದೆ ನಿಲ್ಲಿಸಿಕೊಳ್ಳುವಂತೆ ನಾನೂ ಅಂಗಳದಲ್ಲಿ ನಿಲ್ಲಿಸಿಕೊಳ್ಳೋಣವೆಂದು, ಬಿಳಿಚೋಡಿನಿಂದ ತಮ್ಮನ್ನೆಲ್ಲ ಹೊಡೆದುಕೊಂಡು ಬಂದ ಗೋಣೆಪ್ಪನವರನ್ನು ಬೇಡಿಕೊಂಡೆ.

"ಎಲ್ರೂ ಮಂದೆ ನಿಲ್ಸಿ ಆಮೇಲೆ ಬಿತ್ತಾರೆ, ನೀವು ಬಿತ್ತಿ ಮಂದೆ ಕರೀತೀರಲ್ರೀ ಯಜಮಾನ್ರೇ!" ಎಂದು ಅವರು ನಕ್ಕರು.

"ಮಡಿ ಎತ್ತರ ಐತೆ, ಕುರಿ ಹತ್ತಾಕೆ ಆಗಲ್ಲ ಬಿಡ್ರಿ," ಎಂದೆ. ತಮ್ಮ ಯೋಗ್ಯತೆಯ ಬಗ್ಗೆ ನನಗಿದ್ದ ಈ ಅಜ್ಞಾನವನ್ನು ಕ್ಷಮಿಸಬೇಕು.

ಬೆಳಗ್ಗೆ ನೋಡಿದರೆ ಉಳಿದ ಕುರಿಗಳೆಲ್ಲ ಸಿಮೆಂಟಿನ ಮೇಲೆ ಸಭಿಕರಂತೆ ಕೂತು ಮೆಲುಕು ಹಾಕುತ್ತಿದ್ದವು. ತಾವೊಬ್ಬರೇ ಮುಖ್ಯ ಅತಿಥಿಗಳಂತೆ ಮಡಿಯ ಮೇಲೆ ನಿಂತು, ಸುತ್ತ ಎಟುಕಿದ ಸಸಿಗಳನ್ನೆಲ್ಲ ಸ್ವೀಕರಿಸಿಬಿಟ್ಟಿದ್ದಿರಿ. ಕಸ್ತೂರಮ್ಮನ ಬದನೆಗೆ ಇಷ್ಟು ದೊಡ್ಡ ಅಭಿಮಾನಿ ಆಕೆ ಇದ್ದಾಗಲೂ ಸಿಕ್ಕಿರಲಿಲ್ಲ. ತಮ್ಮ ಹಿಕ್ಕೆಯೂ ಫಸ್ಟ್ ಕ್ಲಾಸ್. ಹಾಕುವುದಕ್ಕೆ ಗಿಡವೊಂದು ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ತಿಂದದ್ದನ್ನು ಬೇರುಸಹಿತ, ಸಾಲು ತಪ್ಪದಂತೆ ನಾಳೆಯೊಳಗೆ ವಾಪಸು ನೆಟ್ಟುಕೊಡಬೇಕು. ಅದಾಗದಿದ್ದರೆ, ಎಲೆ ತಿಂದ ಅನುಭವದಿಂದ ಆ ಕಾಯಿಯ ಎಣ್ಣೆಗಾಯಿ ರುಚಿ ಹೆಂಗಿದ್ದೀತೆಂದು ಊಹಿಸಿಯಾದರೂ ತಿಳಿಸಬೇಕು. ನನಗೆ ಮರೆಯುತ್ತಾ ಬಂದಿದೆ.

ಇನ್ನೂ ಬರೆಯುವುದಿತ್ತು, ಬೆಳಕು ಇಳಿಯಿತು, ಅಕ್ಷರ ಕಾಣುತ್ತಿಲ್ಲ. ಕತ್ತಲಾಗುವ ಮೊದಲು ನೀರು ಹಾಕಬೇಕು: ತಾವು ನಿಂತಿದ್ದ ಜಾಗದಲ್ಲೇ, ತಮ್ಮ ಹೊಟ್ಟೆಯ ಕೆಳಗೆ, ತಮ್ಮ ಬಾಯಿಗೆ ಎಟುಕದೆ ಎರಡು ಸಸಿ ಉಳಿದಿವೆ.

ತಮ್ಮ ಹಿಕ್ಕೆಯ ಋಣದಲ್ಲಿರುವ ವಿಶ್ವಾಸಿ,
ಮಲ್ಲೇಶಪ್ಪ, ಬಿ.ಎ.

ತಾ.ಕ.: ಕಾಯಿ ಬಿಟ್ಟ ದಿನ ಊಟಕ್ಕೆ ಬರುವಂತೆ ಗೋಣೆಪ್ಪನವರಿಗೆ ಹೇಳಿದ್ದೇನೆ. ತಾವೂ ಇರಬೇಕು. ಬಾಗಿಲಲ್ಲೋ ಪಾತ್ರೆಯಲ್ಲೋ ಎಂಬುದನ್ನು ಈ ಎರಡು ಸಸಿಗಳ ವಿಷಯದಲ್ಲಿ ತಮ್ಮ ನಡತೆ ನೋಡಿ ತೀರ್ಮಾನಿಸಲಾಗುವುದು.