ಬಿಸಿನೀರಿಗೊಂದು ರಿಯಾಯಿತಿ

ನನಗೆ ಎಲೆಯಡಿಕೆಯ ಚಟವಿಲ್ಲ, ಇಸ್ಪೀಟಿನ ಹುಚ್ಚಿಲ್ಲ, ಚಹಾ ಕೂಡ ಯಾರಾದರೂ ಕುಡಿಸಿದರೆ ಮಾತ್ರ ಕುಡಿಯುತ್ತೇನೆ. ಆದರೆ ರಿಯಾಯಿತಿ ಎಂಬ ಮಾತು ಕಿವಿಗೆ ಬಿದ್ದರೆ ನನ್ನ ಕಾಲು ತಾನಾಗಿ ಅತ್ತ ತಿರುಗುತ್ತದೆ. ಆ ವಸ್ತು ನನಗೆ ಬೇಕೋ ಬೇಡವೋ ಎಂಬ ವಿಚಾರ ಏಳುವುದು ಅದು ಮನೆಗೆ ಬಂದ ಮೇಲೆಯೇ, ಅದೂ ಹೆಂಡತಿಯ ಬಾಯಿಂದ. ಇಂಥವನು ಭಾಲ್ಕಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಅಗತ್ಯ ಯಾವುದು, ಬಯಕೆ ಯಾವುದು ಎಂಬುದನ್ನು ಪ್ರತಿವರ್ಷ ಬೋರ್ಡಿನ ಮೇಲೆ ಬರೆದು ವಿವರಿಸುತ್ತೇನೆ. ಹುಡುಗರಿಗೆ ಅರ್ಥವಾಗುತ್ತದೆ. ಒಮ್ಮೆ ಅರ್ಧ ಬೆಲೆಗೆ ಸಿಕ್ಕವೆಂದು ಎರಡು ರೇನ್‌ಕೋಟು ತಂದಿದ್ದೆ. ಬರ ಶುರುವಾದದ್ದು ಅದೇ ವರ್ಷ. "ನೀವು ತಂದೀರಂತ ಮಳಿಗಿ ಹ್ಯಾಂಗೋ ಗೊತ್ತಾಗ್ಯದ" ಎಂದು ನನ್ನ ಹೆಂಡತಿ ಸುನಂದಾ ಅವನ್ನು ಮಡಿಚಿ ಟ್ರಂಕಿನ ತಳಕ್ಕೆ ಹಾಕಿದಳು.

ಈಗ ಹೇಳಹೊರಟಿರುವುದು ಬರದ ಎರಡನೆಯ ವರ್ಷದ ಸಂಗತಿ. ನಮ್ಮ ಮನೆ ಇರುವುದು ಬೀದರಿನ ಚಿದ್ರಿಯಲ್ಲಿ. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬಂದರೆ ಅವತ್ತು ಗಲ್ಲಿಗೆಲ್ಲ ಹಬ್ಬ. ಉಳಿದ ದಿನ ಟ್ಯಾಂಕರಿನವನ ಮರ್ಜಿ. ಸುನಂದಾ ಬೇಳೆ ತೊಳೆದ ನೀರಿನಲ್ಲಿ ಪಾತ್ರೆ ಉಜ್ಜಿ, ಆ ನೀರನ್ನು ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದಳು. ಕರಿಬೇವಿನ ಎಲೆಗೆ ಬೇಳೆಯ ರುಚಿ ಹತ್ತಿತ್ತು. ನಾನು ಬೆಳಿಗ್ಗೆ ಭಾಲ್ಕಿ ಬಸ್ಸಿಗೆ ಕಾಯುವಾಗ ಔರಾದ್ ಕಡೆಯ ಬಸ್ಸುಗಳು ಬಂದು ನಿಲ್ಲುತ್ತಿದ್ದವು. ಗಂಟು, ಕೊಡ, ಮಕ್ಕಳ ಸಮೇತ ಜನ ಇಳಿದು, ಹೈದರಾಬಾದಿನ ಬಸ್ಸು ಎಲ್ಲಿದೆ ಎಂದು ನೋಡುತ್ತಿದ್ದರು. ಇಂಥ ಕಾಲದಲ್ಲಿ ಮನುಷ್ಯ ತಲೆ ತಗ್ಗಿಸಿಕೊಂಡು ತನ್ನಷ್ಟಕ್ಕೆ ತಾನಿರಬೇಕು. ನಾನು ಇರಲಿಲ್ಲ.

ಕಾಲೇಜಿನ ನನ್ನ ಗೆಳೆಯ ಧನರಾಜ ಒಂದು ಮಧ್ಯಾಹ್ನ ಡಬ್ಬಿ ಬಿಚ್ಚುತ್ತ ಹೇಳಿದ, "ಸರ್, ಮಾಳಗಿ ಮ್ಯಾಲ ಸೋಲಾರ್ ಗೀಜರ್ ಕೂಡಸಿದ್ರ ಕರೆಂಟ್ ಬಿಲ್ಲಿನಾಗ ತಿಂಗಳಾ ತಿಂಗಳಾ ಛೂಟ್ ಸಿಗ್ತದಂತ್ರಿ. ಸ್ಟೇಷನ್ ಕಡಿ ದುಕಾನದವ ಮಾಲಿನ ಮ್ಯಾಲೂ ರೇಟ್ ಬಿಡ್ಲತ್ತಾನ." ಒಂದೇ ವಸ್ತುವಿನ ಮೇಲೆ ಎರಡು ರಿಯಾಯಿತಿ! ಆ ದಿನದ ಉಳಿದ ಪಾಠಗಳಲ್ಲಿ ಏನು ಹೇಳಿದೆನೋ ನನಗೆ ನೆನಪಿಲ್ಲ. ಸಂಜೆ ಮನೆಗೆ ಬಂದು ವಿಷಯ ತೆಗೆದೆ.

"ನೀರೇ ಇಲ್ಲದ ಮನಿಗಿ ಬಿಸಿನೀರಿನ ಮಷೀನು ಯಾಕ್ರಿ?" ಎಂದಳು ಸುನಂದಾ.

"ಬಿಸಿಲು ಫುಕಟ್ ಅದಲ್ಲ, ಸುಮ್ನ ಹಾಳಾಗ್ಲತ್ತದ."

"ಬಿಸಿಲು ಅಷ್ಟು ಅದ ಅಂತೇ ನೀರಿಲ್ಲ."

ಉತ್ತರವಿಲ್ಲದಾಗ ಚರ್ಚೆಯನ್ನು ಬೆಳೆಸಬಾರದೆಂದು ಮಾರನೆಯ ದಿನವೇ ಅಂಗಡಿಗೆ ಹೋಗಿ ಸೋಲಾರ್ ಕೊಂಡೆ.

ಅದು ಮಾಳಿಗೆಯ ಮೇಲೆ ಕುಳಿತಾಗ ನೋಡಲು ಚೆನ್ನಾಗಿಯೇ ಇತ್ತು. ಸಾಲಾಗಿ ಗಾಜಿನ ಕೊಳವೆಗಳು, ತಲೆಯ ಮೇಲೊಂದು ದುಂಡನೆಯ ಪೀಪಾಯಿ. ಕೂಡಿಸಿದವನು ಇಳಿಯುವಾಗ ಒಂದು ಮಾತು ಹೇಳಿದ, "ಒಣಾ ಇಡಬ್ಯಾಡ್ರಿ ಸರ್. ಖಾಲಿ ಇದ್ದು ಬಿಸಿಲಿಗಿ ಕಾದ್ರ ಗಾಜು ಒಡೀತಾವ." ಇದನ್ನು ಕೊಳ್ಳುವ ಮೊದಲು ಯಾರೂ ಹೇಳಿರಲಿಲ್ಲ. ಹೀಗಾಗಿ ಮುಂದಿನ ಟ್ಯಾಂಕರ್ ಬಂದಾಗ ನಾವು ಕುಡಿಯುವ ಮೊದಲು ಅದಕ್ಕೆ ಕುಡಿಸಬೇಕಾಯಿತು. ಹಬ್ಬಕ್ಕೆ ಬಂದ ಹೊಸ ಅಳಿಯನ ಹಾಗೆ ಅದು ಮೇಲೆ ಕುಳಿತಿತ್ತು. ನಾವು ಕೆಳಗೆ ಕೊಡ ಹಿಡಿದು ಓಡಾಡುತ್ತಿದ್ದೆವು.

ನೀರೇನೋ ಕಾಯಿತು. ಬೀದರಿನ ಬಿಸಿಲಿಗೆ ಅದು ಕಾದ ರೀತಿಯೆಂದರೆ, ನಲ್ಲಿ ತಿರುವಿದ ಕೂಡಲೆ ಬಚ್ಚಲು ಹೊಗೆಯಾಡುತ್ತಿತ್ತು. ಕೈ ಇಡುವಂತಿರಲಿಲ್ಲ. ತಣ್ಣೀರು ಬೆರೆಸೋಣವೆಂದರೆ ಇದ್ದ ತಣ್ಣೀರನ್ನೆಲ್ಲ ಸೋಲಾರ್ ಕುಡಿದಿತ್ತು. ಕೊನೆಗೆ ಸುನಂದಾ ಒಂದು ಪದ್ಧತಿ ಮಾಡಿದಳು. ಸಂಜೆಯೇ ಬಕೆಟ್ಟಿಗೆ ಬಿಸಿನೀರು ಹಿಡಿದು ಅಂಗಳದಲ್ಲಿಡುವುದು, ರಾತ್ರಿಯೆಲ್ಲ ಆರಲು ಬಿಡುವುದು, ಬೆಳಿಗ್ಗೆ ಅದರಲ್ಲಿ ಜಳಕ ಮಾಡುವುದು. ಇಡೀ ಚಿದ್ರಿಯಲ್ಲಿ ಸೋಲಾರ್ ಇದ್ದೂ ತಣ್ಣೀರು ಮೈಗೆ ಹಾಕಿಕೊಳ್ಳುವ ಮನೆ ನಮ್ಮದೊಂದೇ. ಬಿಲ್ಲಿನ ಛೂಟ್ ಬರಲಿ, ಆಮೇಲೆ ಎಲ್ಲ ಸರಿಹೋಗುತ್ತದೆ ಎಂದು ಅವಳಿಗೆ ಸಮಾಧಾನ ಹೇಳಿದೆ. ಅವಳು ಬಕೆಟ್ಟು ಎತ್ತಿಕೊಂಡು ಅಂಗಳಕ್ಕೆ ನಡೆದಳು.

ಆ ಹೊತ್ತಿಗೆ ಔರಾದ್ ತಾಲೂಕಿನ ಎಕಂಬಾದಿಂದ ನಮ್ಮ ಅತ್ತೆ ಕಾಶಮ್ಮ ಮಗಳ ಮನೆಗೆ ಬಂದರು. ಊರಿನ ಬಾವಿ ಬತ್ತಿತ್ತು, ಹೊಲದಲ್ಲಿ ಕೆಲಸವಿರಲಿಲ್ಲ. ಸುಮ್ಮನೆ ಕೂರುವುದು ಅವರಿಗೆ ರೋಗವಿದ್ದಂತೆ. ಬಂದ ದಿನವೇ ಮಾಳಿಗೆ ಹತ್ತಿ ಸೋಲಾರನ್ನು ಸುತ್ತುಹಾಕಿ ನೋಡಿ, "ಮಾಸ್ತರ್ರ, ಸೂರ್ಯಾ ಇಷ್ಟು ದಿನ ಫುಕಟ್ ಸುಡ್ತಿದ್ದ. ನೀವು ರೊಕ್ಕಾ ಕೊಟ್ಟು ಸುಡಿಸ್ಕೊಳ್ಳತ್ತೀರಲ್ಲ?" ಎಂದರು. ಹೇಳಿದ್ದು ಹಾಸ್ಯವೋ ಅನುಕಂಪವೋ ಅವರ ಮುಖ ನೋಡಿದರೆ ತಿಳಿಯುವುದಿಲ್ಲ.

ಅವರು ಬಂದ ಒಂದೆರಡು ವಾರಕ್ಕೆ ಸೋಲಾರಿನ ನೀರು ಕಡಿಮೆಯಾಗತೊಡಗಿತು. ಬೆಳಿಗ್ಗೆ ತುಂಬಿದ್ದು ನಾನು ಸಂಜೆ ಭಾಲ್ಕಿಯಿಂದ ಬರುವಷ್ಟರಲ್ಲಿ ಮಾಯ. ಸುನಂದಾಳನ್ನು ಕೇಳಿದರೆ "ನನಗೇನು ಗೊತ್ತು? ಮಷೀನು ನಿಮ್ಮದು" ಎಂದಳು. ಅಂಗಡಿಯವನನ್ನು ಕೇಳಿದೆ. ಅವನು ಆಕಾಶ ನೋಡಿ, "ಬಿಸಿಲು ನೋಡ್ರಿ ಸರ್, ಆವಿ ಆಗಿ ಹೋಗ್ತಿರಬೇಕು" ಎಂದ. ಮುಚ್ಚಿದ ಪೀಪಾಯಿಯಿಂದ ನೀರು ಆವಿಯಾಗುವುದು ಹೇಗೆಂದು ಒಂದು ಕ್ಷಣ ಅನ್ನಿಸಿತು. ಆದರೆ ನನ್ನದು ಅರ್ಥಶಾಸ್ತ್ರ, ಆವಿ ಬೇರೆ ವಿಭಾಗ ಎಂದು ಸುಮ್ಮನಾದೆ.

ಛೂಟ್ ಸಿಗಬೇಕಾದರೆ ವಿದ್ಯುತ್ ಕಂಪನಿಯ ಎಂಜಿನಿಯರ್ ಬಂದು, ಸೋಲಾರ್ ನಿಜವಾಗಿ ನೀರು ಕಾಯಿಸುತ್ತದೆಯೇ ಎಂದು ನೋಡಬೇಕಿತ್ತು. ಅವರು ಬರುವ ದಿನ ನಾನು ರಜೆ ಹಾಕಿದೆ. ಹಿಂದಿನ ದಿನವೇ ಟ್ಯಾಂಕರಿನವನ ಕೈಕಾಲು ಹಿಡಿದು ನೀರು ಹಾಕಿಸಿಕೊಂಡು ಸೋಲಾರನ್ನು ತುಂಬಿಸಿದ್ದೆ. ಬೆಳಿಗ್ಗೆ ಹಜಾಮತಿಗೆ ಹೋದೆ. ಹೆಣ್ಣು ನೋಡಲು ಬರುವ ದಿನ ಹೆಣ್ಣಿನ ತಂದೆ ಹೀಗೆಯೇ ಹೋಗುತ್ತಾನೆಂದು ಕಾಣುತ್ತದೆ. ಬಂದು ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತೆ.

ಎಂಜಿನಿಯರ್ ಸಂಗಮೇಶ ಭಾಲ್ಕಿಯ ಹುಡುಗ, ಇನ್ನೂ ಮೀಸೆ ಸರಿಯಾಗಿ ದಪ್ಪವಾಗದ ವಯಸ್ಸು, ಆದರೆ ಶಿಸ್ತಿನವರು. ಚಹಾ ಬೇಡವೆಂದರು. ಮಾಳಿಗೆ ಹತ್ತಿ ನೋಡಿ, ಇಳಿದು ಬಚ್ಚಲಿಗೆ ಬಂದು, ತೀರ್ಥಕ್ಕೆ ಒಡ್ಡಿದ ಹಾಗೆ ನಲ್ಲಿಯ ಕೆಳಗೆ ಅಂಗೈ ಒಡ್ಡಿದರು. ನಾನು "ಸಾವಕಾಶ ಸರ್, ಕೈ ಸುಡ್ತದ" ಎಂದು ಎಚ್ಚರಿಸಿ ನಲ್ಲಿ ತಿರುವಿದೆ. ನಲ್ಲಿ ಒಂದು ನಿಟ್ಟುಸಿರು ಬಿಟ್ಟಿತು. ಎರಡು ಹನಿ ಅವರ ಅಂಗೈಗೆ ಬಿದ್ದವು. ಅಷ್ಟೇ.

"ಬಿಸಿ ಅದಾವೇನ್ರಿ ಇವು?" ಎಂದು ಸಂಗಮೇಶ ಆ ಎರಡು ಹನಿಗಳನ್ನು ನೋಡುತ್ತ ಕೇಳಿದರು. ವ್ಯಂಗ್ಯವಿರಲಿಲ್ಲ. ಅವರು ನಿಜವಾಗಿ ಪರೀಕ್ಷಿಸುತ್ತಿದ್ದರು.

ನಾನು ಸುನಂದಾಳ ಮುಖ ನೋಡಿದೆ. ಅವಳು ಗೋಡೆಯ ಮೇಲಿನ ಹಲ್ಲಿಯನ್ನು ನೋಡತೊಡಗಿದಳು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗಿಗೆ ಕೈ ಒರೆಸುತ್ತ, "ನೀರು ಮುಂಜಾನಿನೇ ಹೋದವ್ರಿ" ಎಂದರು.

"ಎಲ್ಲಿಗಿ?" ಎಂದು ಸಂಗಮೇಶ ಕೇಳಿದರು.

"ಬಾಜೂಕ. ಬಾಣಂತಿಗಿ ಜಳಕ ಮಾಡಿಸೀನಿ."

ಪಕ್ಕದಲ್ಲಿ ಅರ್ಧ ಕಟ್ಟಿದ ಮನೆಯೊಂದಿತ್ತು. ಗೋಡೆಗೆ ಹೊಡೆಯಲು ನೀರಿಲ್ಲದೆ ಯಜಮಾನರು ಕೆಲಸ ನಿಲ್ಲಿಸಿದ್ದರು. ಔರಾದ್ ಕಡೆಯಿಂದ ಕೂಲಿಗೆ ಬಂದ ಗಂಡಹೆಂಡತಿ ಅಲ್ಲಿ ಕಾವಲಿಗೆ ಉಳಿದಿದ್ದರು. ಅಷ್ಟು ನನಗೆ ಗೊತ್ತಿತ್ತು. ಹೆಂಡತಿ ರೇಣುಕಾ ಹೆತ್ತದ್ದು ಗೊತ್ತಿರಲಿಲ್ಲ. ಗಂಡ ಬೆಳಕು ಹರಿಯುವ ಮೊದಲೇ ಕೂಲಿಗೆ ಹೋಗುತ್ತಿದ್ದ. ಹಸಿ ಬಾಣಂತಿಗೆ ನೀರು ಕಾಯಿಸಲು ಕಟ್ಟಿಗೆಯಿಲ್ಲ, ಕಾಯಿಸೋಣವೆಂದರೆ ನೀರಿಲ್ಲ.

"ಇವತ್ತೇ ಮಾಡಿಸಬೇಕಾಗಿತ್ತೇನ್ರಿ ಅತ್ತಿ?" ಎಂದೆ. ನನ್ನ ಧ್ವನಿ ತುಸು ಏರಿತ್ತು.

"ಇವತ್ತೇ ಅಲ್ರಿ, ದಿನಾ ಮಾಡಸ್ತೀನಿ," ಎಂದರು ಅತ್ತೆ. "ಕರೆಂಟಿನವರು ಬರ್ತಾರಂತ ಬಾಣಂತಿ ಮೈ ತಡೀತದೇನ್ರಿ?"

ಆವಿಯ ಸಿದ್ಧಾಂತ ಅಲ್ಲಿಗೆ ಮುಗಿಯಿತು. ಮಾನ ಹೋದರೂ ಛೂಟ್ ಉಳಿಯಲೆಂದು ನಾನು ಸಂಗಮೇಶರಿಗೆ, "ಸರ್, ಈಗ ಕೇಳಿದ್ರಲ್ಲ, ನೀರು ಬಿಸಿ ಆಗ್ತಾವ" ಎಂದೆ.

"ಕೇಳಿದ್ದು ಬರಿಯಾಕ ಬರಂಗಿಲ್ರಿ ಸರ್. ನಾ ಮುಟ್ಟಿ ನೋಡಬೇಕು."

"ಬರ್ರಿ ಹಂಗಾರ," ಎಂದು ಅತ್ತೆ ಚಪ್ಪಲಿ ಕೂಡ ಮೆಟ್ಟದೆ ಹೊರಟೇಬಿಟ್ಟರು. ಅವರ ಹಿಂದೆ ಎಂಜಿನಿಯರ್, ಎಂಜಿನಿಯರ್ ಹಿಂದೆ ನಾನು, ನನ್ನ ಹಿಂದೆ ನಗು ತಡೆದುಕೊಂಡ ಸುನಂದಾ.

ಗಿಲಾವು ಕಾಣದ ಕೋಣೆಯಲ್ಲಿ ಅಜವಾನದ ಹೊಗೆಯ ವಾಸನೆಯಿತ್ತು. ರೇಣುಕಾ ನಮ್ಮನ್ನು ಕಂಡು ಸೆರಗು ಹೊದ್ದು ಎದ್ದು ಕೂತಳು. ಪಕ್ಕದಲ್ಲಿ ಹಳೆಯ ಸೀರೆಯ ಅರಿವೆಯಲ್ಲಿ ಸುತ್ತಿದ ಕೂಸು, ಬಾಯಿ ಅರ್ಧ ತೆರೆದು ಮಲಗಿತ್ತು. ಜಳಕ ಮಾಡಿಸಿಕೊಂಡವರು ಮಾತ್ರ ಹಾಗೆ ಮಲಗಬಲ್ಲರು. ನಾನು ಅಂಥ ನಿದ್ದೆ ಮಾಡಿ ಬಹಳ ದಿನವಾಗಿತ್ತು. ಮೂಲೆಯಲ್ಲಿ ತಟ್ಟೆ ಮುಚ್ಚಿದ ಒಂದು ಬಕೆಟ್ಟಿತ್ತು. "ಅರಿವಿ ಒಗಿಲಾಕ ಇಟ್ಟೀನಿ. ಇದ್ರಾಗ ಕೈ ಹಾಕಿ ನೋಡ್ರಿ" ಎಂದರು ಅತ್ತೆ.

ಸಂಗಮೇಶ ಕೈ ಹಾಕಿ ಫಕ್ಕನೆ ಹಿಂದೆಗೆದರು. "ಅಬ್ಬಾ!" ಎಂದರು. ನನ್ನ ಛೂಟ್ ಗಟ್ಟಿಯಾಯಿತು ಎಂದುಕೊಂಡೆ. ಆದರೆ ಅವರು ಏಳಲಿಲ್ಲ. ಅಲ್ಲಿಯೇ ಕುಕ್ಕರಗಾಲಿನಲ್ಲಿ ಕೂತು ಕೂಸನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, "ಅಮ್ಮಾ, ಕೂಸಿಗಿ ಇಷ್ಟು ಬಿಸಿ ಹಾಕ್ತೀರೇನ್ರಿ?" ಎಂದು ಕೇಳಿದರು.

"ಹುಚ್ಚಪ್ಪ, ಸುಟ್ಟು ಹೋಗ್ತದಲ್ಲ. ಮೊಣಕೈ ಅದ್ದಿ ನೋಡಬೇಕು. ಮೊಣಕೈಗಿ ಹಿತ ಅನಿಸಿದ್ರ ಕೂಸಿಗಿ ಬರೋಬರ್." ಅತ್ತೆ ಮೊಣಕೈ ಮಡಿಚಿ ತೋರಿಸಿದರು. ಎಂಜಿನಿಯರ್ ತಾವೂ ಮೊಣಕೈ ಮಡಿಚಿ ನೋಡಿಕೊಂಡರು. "ನಮ್ಮ ಮನಿಯಾಕಿಗೆ ದಿನ ತುಂಬ್ಯಾವ್ರಿ" ಎಂದರು. "ನಮ್ಮ ಅವ್ವ ಇಲ್ರಿ. ಯಾರಿಗಿ ಕೇಳ್ಬೇಕಂತ ತಿಳೀವಲ್ದಾಗಿತ್ತು."

ಅಲ್ಲಿಂದ ಮುಂದೆ ಪರಿಶೀಲನೆ ಬೇರೆಯೇ ದಾರಿ ಹಿಡಿಯಿತು. ಎಣ್ಣೆ ಹಚ್ಚುವುದು ಹೇಗೆ, ನೆತ್ತಿಗೆ ಎಷ್ಟು, ಹೊಗೆ ಹಾಕುವಾಗ ಬಾಗಿಲು ಮುಚ್ಚಬೇಕೋ ಬಿಡಬೇಕೋ. ಬಾಣಂತಿ ರೇಣುಕಾಳೂ ನಾಚಿಕೆ ಮರೆತು ಮಾತು ಸೇರಿಸಿದಳು. ನಾನು ಇಸ್ತ್ರಿ ಅಂಗಿಯಲ್ಲಿ ಗೋಡೆಗೆ ತಾಗದಂತೆ ನಿಂತಿದ್ದೆ. ಕೊನೆಗೊಮ್ಮೆ ಸಂಗಮೇಶರಿಗೆ ಬಂದ ಕೆಲಸ ನೆನಪಾಯಿತು. "ಈ ನೀರು ನಿಮ್ಮ ಮನಿಯಾಗ ಎಷ್ಟು ಮಂದಿ ಬಳಸ್ತೀರಿ ಸರ್?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಬಿಸಿ ಇದ್ದಾಗ ಬಳಸೋರು ಇಬ್ಬರೇ ನೋಡ್ರಿ, ಇಲ್ಲೇ ಅದಾರ" ಎಂದರು. ಸಂಗಮೇಶ ನನ್ನ ಎರಡೂ ಕೈ ಹಿಡಿದು ಕುಲುಕಿದರು. "ನಿಮ್ಮಂಥವರಿಗಲ್ಲದ ಮತ್ಯಾರಿಗಿ ಛೂಟ್ ಕೊಡಬೇಕ್ರಿ ಸರ್?" ಎಂದು ಮಂಜೂರು ಮಾಡಿ ಹೋದರು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಸಂಗಮೇಶ ಭಾಲ್ಕಿಯಲ್ಲೆಲ್ಲ ಈ ಕಥೆ ಹೇಳಿದರು. ಸ್ವಂತಕ್ಕೊಂದು ತಂಬಿಗೆ ಇಟ್ಟುಕೊಳ್ಳದೆ ಬಾಣಂತಿಗೆ ನೀರು ಕೊಟ್ಟ ಮಾಸ್ತರರ ಕಥೆ. ಪ್ರಿನ್ಸಿಪಾಲರು ಸ್ಟಾಫ್‌ರೂಮಿನಲ್ಲಿ ಎದ್ದು ನಿಂತು, ಅನ್ನದಾಸೋಹ ಕೇಳಿದ್ದೇವೆ, ಬಿಸಿನೀರ ದಾಸೋಹ ಇದೇ ಮೊದಲು ಎಂದು ಶರಣರ ಸಾಲಿನಲ್ಲಿ ನನ್ನನ್ನು ಕೂರಿಸಿದರು. ಧನರಾಜ ಚಹಾ ಕುಡಿಸಿದ. ನಾನು ತಲೆ ತಗ್ಗಿಸಿ ಕುಡಿದೆ. "ನಿಜ ಏನಂತ ಹೇಳ್ದಿರೇನು?" ಎಂದು ಸುನಂದಾ ಕೇಳಿದಾಗ, ಹೊಗಳುವವರ ಮಾತು ನಡುವೆ ಕತ್ತರಿಸುವುದು ಸಭ್ಯತೆಯಲ್ಲ ಎಂದೆ.

ಇದರ ಶಿಕ್ಷೆ ಬೇಗನೇ ಬಂತು. ಅತ್ತೆಗೆ ಎಕಂಬಾದಲ್ಲಿ ಯಾರದೋ ಮದುವೆ. ಹೊರಡುವಾಗ, "ಮಾಸ್ತರ್ರ, ದಾಸೋಹ ನಿಮ್ಮದು. ಬಕೀಟು ಹೊರೋದೂ ನಿಮ್ಮದೇ" ಎಂದು ಎರಡು ಬಕೆಟ್ಟು ತೋರಿಸಿ ಹೋದರು. ಸುನಂದಾ ಬಾಣಂತಿಗೆ ನೀರು ಹಾಕುವುದು, ನಾನು ಹೊರುವುದು. ಭಾಲ್ಕಿ ಬಸ್ಸು ಹಿಡಿಯುವ ಮೊದಲು ದಿನಾ ಬೆಳಿಗ್ಗೆ ಹೊಗೆಯಾಡುವ ಬಕೆಟ್ಟು ಹಿಡಿದು ಗಲ್ಲಿಯ ಮಂದಿಯ ನಡುವೆ ನಡೆಯುತ್ತಿದ್ದೆ. ಅವರು ದಾರಿ ಬಿಟ್ಟು ನಮಸ್ಕಾರ ಮಾಡುತ್ತಿದ್ದರು. ಎರಡೂ ಕೈ ಖಾಲಿಯಿಲ್ಲದ ಕಾರಣ ನಾನು ಹುಬ್ಬಿನಿಂದಲೇ ನಮಸ್ಕರಿಸುತ್ತಿದ್ದೆ. ಆದರೂ ಒಂದು ಮಾತು. ಒಮ್ಮೆ ಟ್ಯಾಂಕರ್ ಬಾರದೆ ಸೋಲಾರ್ ಒಣಗಿದಾಗ, ಗಾಜು ಒಡೆದೀತೆಂಬುದು ನನ್ನ ತಲೆಗೆ ಬರಲೇ ಇಲ್ಲ. ಕೂಸಿನ ಜಳಕ ತಪ್ಪಿತಲ್ಲ ಎಂದು ಬಸ್ಸಿನಲ್ಲಿ ಇಡೀ ದಾರಿ ಕುಳಿತಲ್ಲಿ ಕೂರಲಾಗಲಿಲ್ಲ.

ಆ ವರ್ಷ ಮಳೆ ತಡವಾಗಿ ಬಂತು, ಆದರೆ ಬಂತು. ನಲ್ಲಿಯಲ್ಲಿ ನೀರು, ಟಾಕಿಯಲ್ಲಿ ನೀರು, ಮಾಳಿಗೆಯ ಮೇಲೆ ನೀರು. ಬೇಕಾದಷ್ಟು ತಣ್ಣೀರು ಬೆರೆಸಿ ಕಡೆಗೂ ಬಿಸಿ ಜಳಕ ಮಾಡೋಣವೆಂದು ಬಚ್ಚಲಿಗೆ ಹೋಗಿ ಎರಡೂ ನಲ್ಲಿ ತಿರುವಿದೆ. ವಾರದಿಂದ ಮೋಡ. ಯಾವ ನಲ್ಲಿ ಬಿಸಿಯದು, ಯಾವುದು ತಣ್ಣಗಿನದು ಎಂದು ಮೊಣಕೈ ಅದ್ದಿ ನೋಡಿದರೂ ತಿಳಿಯಲಿಲ್ಲ.

ಬಿತ್ತನೆಗೆಂದು ರೇಣುಕಾ ಮತ್ತು ಅವಳ ಗಂಡ ಊರಿಗೆ ಹೊರಟರು. ಗಂಟು ಬಾಗಿಲಲ್ಲಿಟ್ಟು ಒಳಗೆ ಬಂದಳು. "ಸರ್, ನಿಮ್ಮ ನೀರಿನಾಗ ಬೆಳದದ್ರಿ ಇದು. ಒಂದಿಷ್ಟು ಹಿಡೀರಿ" ಎಂದು ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು. ನಾನು ಕಾಲೇಜಿಗೆ ಹೊರಡಲು ತಯಾರಾಗಿ ಕೂತವನು, ಇಸ್ತ್ರಿ ಪ್ಯಾಂಟು. ಕೂಸು ನನ್ನ ಮುಖವನ್ನು ಬಹಳ ಹೊತ್ತು ದಿಟ್ಟಿಸಿ, ಏನೋ ತೀರ್ಮಾನಕ್ಕೆ ಬಂದು, ನಿಶ್ಚಿಂತೆಯಿಂದ ಉಚ್ಚೆ ಹೊಯ್ದಿತು.

ರೇಣುಕಾ ಗಾಬರಿಯಾಗಿ ಎತ್ತಿಕೊಳ್ಳಲು ಬಂದಳು. ಸುನಂದಾ ಅವಳ ಕೈ ತಡೆದು, "ಇರಲಿ ಬಿಡವಾ" ಎಂದು, ನನ್ನ ಕಡೆ ತಿರುಗಿ ಕೇಳಿದಳು, "ಹ್ಯಾಂಗ್ರಿ, ಬಿಸಿ ಅದಾವೇನು?"

"ಬರೋಬರ್ ಅದಾವ" ಎಂದೆ.

ಆ ಸೋಲಾರಿನ ದೆಸೆಯಿಂದ ನನ್ನ ಮೈಗೆ ಬಿದ್ದ ಬಿಸಿನೀರು ಅದೊಂದೇ. ತಣ್ಣೀರು ಬೆರೆಸುವ ಅಗತ್ಯವೇ ಇರಲಿಲ್ಲ.